ಅಪ್ಪನ ದೋಣಿಗೆ ನಂಬರ್ ಬಂದ ಕಥೆ

2024ರ ಅಕ್ಟೋಬರಿನಲ್ಲಿ ಅಪ್ಪ ಉಳ್ಳಾಲದ ಕಡೆಯಿಂದ ಒಂದು ಹಳೆ ಫೈಬರ್ ನಾಡದೋಣಿ ಕೊಂಡರು. ಕಡಲಲ್ಲಿ ಬಂದರೆ ಅಲ್ಲಿಂದ ಕೇರಳದಲ್ಲಿರುವ ನಮ್ಮ ಮಂಜೇಶ್ವರಕ್ಕೆ ಹೆಚ್ಚೆಂದರೆ ಒಂದೂವರೆ ಗಂಟೆ. ಆದರೆ ಅದರ ಕಾಗದಪತ್ರ ತಲಪಾಡಿ ಗಡಿ ದಾಟಿ ಬರುವಷ್ಟರಲ್ಲಿ ಮುಂದಿನ ಮಳೆಗಾಲದ ಮೋಡ ಕಟ್ಟಿತ್ತು. ಆ ಏಳು ತಿಂಗಳಲ್ಲಿ ನಾವು ಎಲ್ಲೆಲ್ಲಿ ಎಡವಿದೆವು, ಏನೇನು ಕಲಿತೆವು ಅಂತ ಬರೆದಿಡಬೇಕು ಅನ್ನಿಸಿತು. ನಮ್ಮ ಕಡಪ್ಪುರದಲ್ಲೇ, ಅಂದರೆ ಕಡಲತೀರದ ಕೇರಿಯಲ್ಲೇ, ಇನ್ನೂ ಇಬ್ಬರು ಗಡಿಯಾಚೆಯಿಂದ ದೋಣಿ ತರುವ ಯೋಚನೆಯಲ್ಲಿದ್ದಾರೆ. ಅವರಿಗಾದರೂ ದಾರಿ ಸ್ವಲ್ಪ ಸುಲಭ ಆಗಲಿ.

ಓಡಾಡಿದವಳು ನಾನು. ಹೊಸಂಗಡಿಯಲ್ಲಿ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ ಇದೆ. ಕಡಲಿಗೆ ಹೋಗುವವರು ಅಪ್ಪ ಮತ್ತು ಅಣ್ಣ. ಅಪ್ಪ ಸ್ವಂತ ದೋಣಿಯಲ್ಲಿ, ಅಣ್ಣ ರಿಂಗ್‌ಸೀನ್ ಬಲೆಯ ದೊಡ್ಡ ತಂಡದಲ್ಲಿ. ಮನೆಯಲ್ಲಿ ನಾವು ಮಾತಾಡುವುದು ತುಳು. ಓದುವುದು ಬರೆಯುವುದು ಕನ್ನಡ. ಕಚೇರಿಗೆ ಹೋದರೆ ಮಲಯಾಳಂ, ಕಂಪ್ಯೂಟರ್ ಮುಂದೆ ಕೂತರೆ ಇಂಗ್ಲಿಷ್. ಅಪ್ಪ ನಾಲ್ಕನೇ ಕ್ಲಾಸಿನವರೆಗೆ ಕನ್ನಡ ಶಾಲೆಗೆ ಹೋದವರು. ದಿನಾ ಬೆಳಿಗ್ಗೆ ಕನ್ನಡ ಪೇಪರನ್ನು ಒಂದಕ್ಷರ ಬಿಡದೆ ಓದುತ್ತಾರೆ. ಆದರೆ ತಮ್ಮ ದೋಣಿಯ ಬಗ್ಗೆ ಸರ್ಕಾರ ಬರೆದ ಒಂದು ಸಾಲನ್ನೂ ಅವರು ತಾವಾಗಿ ಓದಿದವರಲ್ಲ. ಯಾರಾದರೂ ಓದಿ ಹೇಳಬೇಕಿತ್ತು. ನನಗೂ ಮಲಯಾಳಂ ಮಾತು ಸಲೀಸು, ಓದುವಾಗ ಮಾತ್ರ ಅಕ್ಷರ ಕೂಡಿಸಬೇಕು.

ದೋಣಿ ಬಂದ ದಿನ ಕಡಪ್ಪುರದಲ್ಲಿ ಹಬ್ಬದ ಹಾಗಿತ್ತು. ತೆಂಗಿನಕಾಯಿ ಒಡೆದದ್ದಾಯಿತು. ಮರಳಿನ ಮೇಲೆ ಎಳೆದು ನಿಲ್ಲಿಸಿದಾಗ ಪಕ್ಕದ ಮನೆಯ ಮಾವ ದೋಣಿಯ ಮೂತಿ ನೋಡಿ, "ಇದರಲ್ಲಿ ಕೆಎ ಅಂತ ಉಂಟಲ್ಲ" ಅಂದರು. ಆಗ ನಾನೂ ನೋಡಿದೆ. ಐಎನ್‌ಡಿ, ಆಮೇಲೆ ಕೆಎ, ಆಮೇಲೆ ಉಳಿದ ಅಂಕೆಗಳು. ಕೆಎ ಅಂದರೆ ಕರ್ನಾಟಕ.

ತೀರದಿಂದ 12 ನಾಟಿಕಲ್ ಮೈಲಿವರೆಗಿನ ಮೀನುಗಾರಿಕೆ ಆಯಾ ರಾಜ್ಯದ ಕೈಯಲ್ಲಿದೆ. ಕೇರಳಕ್ಕೆ 1980ರ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ, ಕರ್ನಾಟಕಕ್ಕೆ 1986ರದ್ದು. ಆಚೆಯ ನಂಬರಿನ ದೋಣಿ ಈಚೆ ಬಲೆ ಬಿಟ್ಟರೆ ತಪ್ಪು. ಈಚೆಯದು ಆಚೆ ಹೋದರೂ ಅಷ್ಟೇ. ತಲಪಾಡಿಯಲ್ಲಿ ರಸ್ತೆ ಬದಿಗೆ ಬೋರ್ಡ್ ಇದೆ. ಕಡಲಲ್ಲಿ ಯಾವ ಬೋರ್ಡೂ ಇಲ್ಲ. ಬಂಗುಡೆಯ ಹಿಂಡು ಬೆಳಿಗ್ಗೆ ಸೋಮೇಶ್ವರದ ಎದುರು ಇದ್ದರೆ ಮಧ್ಯಾಹ್ನ ನಮ್ಮ ಎದುರು ಇರುತ್ತದೆ.

"ಮೊದಲು ಇದೆಲ್ಲ ಎಲ್ಲಿತ್ತು?" ಅಂದರು ಅಪ್ಪ. ಅವರ ಮೊದಲಿನ ಮರದ ದೋಣಿಗೆ ಬಹಳ ವರ್ಷ ಬರೀ ದೇವರ ಹೆಸರು ಇತ್ತು, ನಂಬರ್ ಇರಲಿಲ್ಲ. 2008ರ ಮುಂಬೈ ದಾಳಿ ಎಲ್ಲವನ್ನೂ ಬದಲಿಸಿತು. ಆ ದಾಳಿಕೋರರು ಕುಬೇರ್ ಎಂಬ ಮೀನುಗಾರಿಕೆ ಬೋಟನ್ನು ವಶ ಮಾಡಿಕೊಂಡು ಬಂದಿದ್ದರು. ಅಲ್ಲಿಂದೀಚೆಗೆ ಪ್ರತಿ ದೋಣಿಗೂ ನಂಬರ್, ಮೀನುಗಾರರಿಗೆ ಬಯೋಮೆಟ್ರಿಕ್ ಗುರುತಿನ ಕಾರ್ಡ್, ಕರಾವಳಿ ಪೊಲೀಸರ ತಪಾಸಣೆ. ಇದರಲ್ಲಿ ನನಗೆ ತಕರಾರಿಲ್ಲ. ಕಡಲಲ್ಲಿ ಇಂಜಿನ್ ಕೆಟ್ಟು ತೇಲುವ ದೋಣಿಯನ್ನು ಹುಡುಕುವಾಗ ಅದೇ ನಂಬರ್ ಬೇಕಾಗುತ್ತದೆ. ನಾನು ಹೇಳಬೇಕೆಂದಿರುವುದು ಆ ನಂಬರ್ ಸಿಗುವ ದಾರಿಯ ಬಗ್ಗೆ.

ಮೊದಲ ಹೆಜ್ಜೆ ಕರ್ನಾಟಕದಿಂದ ಎನ್‌ಓಸಿ. ಅಂದರೆ, ಈ ದೋಣಿಯನ್ನು ನಮ್ಮ ಪಟ್ಟಿಯಿಂದ ಬಿಟ್ಟುಕೊಡುತ್ತೇವೆ ಎಂಬ ಪತ್ರ. ಮಾರಿದವರ ಜೊತೆ ಹೋಗಿ ಅರ್ಜಿ ಕೊಟ್ಟರೆ ಆಯಿತು ಅಂದುಕೊಂಡಿದ್ದೆವು. ಅರ್ಜಿ ತುಂಬುವಾಗ ಗೊತ್ತಾಯಿತು, ರಿಜಿಸ್ಟ್ರೇಶನ್ ಸರ್ಟಿಫಿಕೇಟ್ ಇರುವುದು ಮಾರಿದವರ ಹೆಸರಿನಲ್ಲಿ ಅಲ್ಲ. ತೀರಿಹೋದ ಅವರ ಅಣ್ಣನ ಹೆಸರಿನಲ್ಲಿ. ಆ ಅಣ್ಣನಿಗೆ ಮೂವರು ಮಕ್ಕಳು. ಒಬ್ಬ ಮಗ ಗಲ್ಫಿನಲ್ಲಿ. ಎಲ್ಲರ ಒಪ್ಪಿಗೆ ಪತ್ರ ಬೇಕು, ಮರಣ ಪತ್ರ ಬೇಕು, ವಾರಸುದಾರರ ದಾಖಲೆ ಬೇಕು.

ನಾವು ಅಷ್ಟರಲ್ಲಿ ಪೂರ್ತಿ ದುಡ್ಡು ಕೊಟ್ಟಾಗಿತ್ತು. ಮಾರಿದವರು ಒಳ್ಳೆಯವರು, ಮೋಸ ಏನೂ ಇಲ್ಲ. ಅಣ್ಣ ಹೋದ ಮೇಲೆ ಅವರೇ ದೋಣಿ ನಡೆಸುತ್ತಿದ್ದರು. ಹೆಸರು ಬದಲಿಸಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ, ಅಷ್ಟೇ. ಹಾಗಾಗಿ ದೋಣಿ ಕೊಳ್ಳುವವರಿಗೆ ನನ್ನ ಮೊದಲ ಮಾತು ಇದು. ಅಡ್ವಾನ್ಸ್ ಕೊಡುವ ಮೊದಲು ಸರ್ಟಿಫಿಕೇಟಿನಲ್ಲಿ ಇರುವ ಹೆಸರನ್ನೂ ಮಾರುವವರ ಆಧಾರ್ ಕಾರ್ಡಿನ ಹೆಸರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಇಂಜಿನ್ ಸೌಂಡ್ ಕೇಳುವುದು, ಫೈಬರ್ ತಟ್ಟಿ ನೋಡುವುದು ಎಲ್ಲ ಆಮೇಲೆ.

ಗಲ್ಫಿನಿಂದ ಪತ್ರ ಬರಲು ಒಂದೂವರೆ ತಿಂಗಳು ಹಿಡಿಯಿತು. ಅರ್ಜಿ ಕೊಟ್ಟ ಮೇಲೆ ಫೈಲು ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗಬೇಕಿತ್ತು. ಒಂದು ಕಡೆ ಕೇಳಿದರೆ "ಕಳಿಸಿದ್ದೇವೆ", ಇನ್ನೊಂದು ಕಡೆ ಕೇಳಿದರೆ "ಬಂದಿಲ್ಲ". ಮೂರು ಸಲ ಹೋದೆ. ಪ್ರತಿ ಸಲವೂ ಅಂಗಡಿಗೆ ಬೀಗ. ಡಿಸೆಂಬರ್ ಮದುವೆ ಸೀಸನ್, ಬ್ಲೌಸ್ ಹೊಲಿಯಲು ಕೊಟ್ಟವರು ಬಾಗಿಲು ನೋಡಿ ವಾಪಸ್ ಹೋಗುತ್ತಿದ್ದರು. ನಾಲ್ಕನೇ ಸಲ ಹೋದಾಗ ಫೈಲು ಅದೇ ಮೇಜಿನ ಇನ್ನೊಂದು ಕಟ್ಟಿನಲ್ಲಿ ಸಿಕ್ಕಿತು. ಜನವರಿ ಕೊನೆಗೆ ಎನ್‌ಓಸಿ ಕೈಗೆ ಬಂತು.

ಆ ನಾಲ್ಕು ತಿಂಗಳು ದೋಣಿ ತೆಂಗಿನ ಗರಿಯ ಕೆಳಗೆ ಮರಳಿನ ಮೇಲೆ ಕೂತಿತ್ತು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಮಳೆಗಾಲ ಕಳೆದ ಮೇಲಿನ ಆ ದಿನಗಳೇ ನಮ್ಮ ವರ್ಷದ ಅನ್ನ. ಅಪ್ಪ ಬೇರೆಯವರ ದೋಣಿಯಲ್ಲಿ ಕೂಲಿಗೆ ಹೋದರು. ಬಂದ ಮೇಲೆ ಊಟ ಮಾಡಿ ನೇರ ತಮ್ಮ ದೋಣಿಯ ಹತ್ತಿರ ಹೋಗುತ್ತಿದ್ದರು. ಅದರ ನೆರಳಿನಲ್ಲಿ ಕೂತು ಬಲೆ ರಿಪೇರಿ ಮಾಡುತ್ತಿದ್ದರು. ಒಂದು ಕಡೆ ಕಾಲಿನ ಹೆಬ್ಬೆರಳಿಗೆ ಬಲೆ ಸಿಕ್ಕಿಸಿ ಎಳೆದು ಹಿಡಿದು, ಕೈಯಲ್ಲಿ ಸೂಜಿ ಓಡಿಸುವುದು. ಹರಿಯದ ಬಲೆಯನ್ನೂ ಬಿಚ್ಚಿ ಮತ್ತೆ ಹೆಣೆಯುತ್ತಿದ್ದರು ಅಂತ ನನಗೆ ಆಮೇಲೆ ಗೊತ್ತಾಯಿತು.

ಫೆಬ್ರವರಿಯಲ್ಲಿ ಕೇರಳದ ಕೆಲಸ ಶುರು. ಈಗ ದೋಣಿಯ ರಿಜಿಸ್ಟ್ರೇಶನ್, ಲೈಸೆನ್ಸ್ ಎಲ್ಲವೂ ರಿಯಲ್‌ಕ್ರಾಫ್ಟ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ. ಇಡೀ ದೇಶಕ್ಕೆ ಒಂದೇ. ಸರ್ಕಾರಿ ಅರ್ಜಿ ತುಂಬಿಕೊಡುವ ಅಕ್ಷಯ ಕೇಂದ್ರದ ಹುಡುಗಿ ಬಹಳ ತಾಳ್ಮೆಯವಳು. ಆದರೆ ಅವಳಿಗೆ ರೇಷನ್ ಕಾರ್ಡ್, ಪೆನ್ಶನ್ ಗೊತ್ತು, ದೋಣಿ ಗೊತ್ತಿಲ್ಲ. ಇಂಗ್ಲಿಷಿನಲ್ಲಿ ಒಂದೊಂದೇ ಪ್ರಶ್ನೆ ಬರುತ್ತಿತ್ತು. ನಾನು ಅಪ್ಪನಿಗೆ ಫೋನ್ ಮಾಡಿ ತುಳುವಿನಲ್ಲಿ ಕೇಳುತ್ತಿದ್ದೆ. ಅಪ್ಪ ಹೇಳಿದ್ದನ್ನು ಅವಳಿಗೆ ಮಲಯಾಳಂನಲ್ಲಿ ಹೇಳುತ್ತಿದ್ದೆ. ದೋಣಿಯ ಉದ್ದ, ಅಗಲ, ಆಳ, ಯಾವ ವರ್ಷ ಕಟ್ಟಿದ್ದು, ಎಲ್ಲಿ ಕಟ್ಟಿದ್ದು, ಇಂಜಿನ್ ನಂಬರ್, ಎಷ್ಟು ಎಚ್‌ಪಿ, ಯಾವ ಬಲೆ. ಒಂದು ಅರ್ಜಿಗೆ ಎರಡು ಮಧ್ಯಾಹ್ನ ಹಿಡಿಯಿತು.

ಇಂಜಿನ್ ಇನ್ನೊಂದು ತಲೆನೋವು. ದೋಣಿಯ ಜೊತೆ ಬಂದ ಔಟ್‌ಬೋರ್ಡ್ ಇಂಜಿನ್‌ಗೆ ಬಿಲ್ ಇರಲಿಲ್ಲ. ಬಿಲ್ ಇಲ್ಲದ ಇಂಜಿನ್ ಯಾರದ್ದು ಅಂತ ಸಾಬೀತು ಮಾಡಲು ಆಗುವುದಿಲ್ಲ. ಸಾಲ ಮಾಡಿ 9.9 ಎಚ್‌ಪಿಯ ಹೊಸದು ತಂದೆವು. ಈ ಇಂಜಿನ್ ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ ಆಮೇಲೆ ಸೀಮೆಎಣ್ಣೆಯಲ್ಲಿ ಓಡುತ್ತದೆ. ಸಬ್ಸಿಡಿ ಸೀಮೆಎಣ್ಣೆಗೆ ಪರ್ಮಿಟ್ ಬೇಕು. ಅದನ್ನು ಯಾವಾಗ ಬೇಕಾದರೂ ಕೊಡುವುದಿಲ್ಲ. ಮೀನುಗಾರಿಕೆ ಇಲಾಖೆ, ಸಿವಿಲ್ ಸಪ್ಲೈಸ್, ಮೀನುಗಾರರ ಸಹಕಾರಿ ಒಕ್ಕೂಟವಾದ ಮತ್ಸ್ಯಫೆಡ್ ಮೂರೂ ಸೇರಿ ಜಂಟಿ ತಪಾಸಣೆ ಮಾಡುತ್ತಾರೆ. ಆ ದಿನ ಇಂಜಿನ್ ಹೊತ್ತುಕೊಂಡು ಹೋಗಿ ತೋರಿಸಬೇಕು. ತಪಾಸಣೆ ಮುಗಿದ ಮೇಲೆ ಇಂಜಿನ್ ತಂದವರು ಮುಂದಿನ ತಪಾಸಣೆಗೆ ಕಾಯಬೇಕು. ಅಲ್ಲಿಯವರೆಗೆ ಹೊರಗಿನ ರೇಟಿನ ಎಣ್ಣೆ. ಅದರ ಲೆಕ್ಕ ಹಾಕಿದ ದಿನ ರಾತ್ರಿ ಅಪ್ಪ ಊಟ ಸರಿಯಾಗಿ ಮಾಡಲಿಲ್ಲ.

ಅರ್ಜಿ ಮಾರ್ಚಿನಲ್ಲಿ ವಾಪಸ್ ಬಂತು. ಹಳೆ ಸರ್ಟಿಫಿಕೇಟಿನಲ್ಲಿರುವ ಉದ್ದಕ್ಕೂ ನಾವು ಬರೆದ ಉದ್ದಕ್ಕೂ ಹೊಂದುತ್ತಿಲ್ಲ ಅಂತ. ಅಳತೆ ಹಾಕಿದವಳು ನಾನೇ. ಅಳತೆ ತಪ್ಪುವುದು ನನ್ನ ಕಸುಬಿನಲ್ಲಿ ಆಗದ ಮಾತು. ಮತ್ತೆ ಹೋಗಿ ಅಳೆದೆ, ಅದೇ ಬಂತು. ಏಪ್ರಿಲ್‌ನಲ್ಲಿ ಆಫೀಸರ್ ಕಡಪ್ಪುರಕ್ಕೆ ಬಂದರು. ಅವರೂ ಅಳೆದರು. ಮೂತಿಯಿಂದ ಹಿಂದಿನ ತುದಿಗೆ ಟೇಪನ್ನು ಬಿಗಿಯಾಗಿ, ನೇರ ಹಿಡಿದರು. ನನ್ನ ಲೆಕ್ಕವೇ ಸರಿ ಬಂತು. ಹಿಂದೆ ಯಾರೋ ದೋಣಿಯ ಬದಿಯ ಬಾಗಿಗೆ ಟೇಪ್ ಅಂಟಿಸಿ ಅಳೆದಿರಬೇಕು, ಅದಕ್ಕೆ ಜಾಸ್ತಿ ಬಂದಿದೆ ಅಂತ ಅವರು ಹೇಳಿದರು. ಸೊಂಟದ ಅಳತೆ ತೆಗೆಯುವಾಗಲೂ ಹೀಗೇ ಅಲ್ವಾ, ಟೇಪ್ ಎಲ್ಲಿ ಕೂರುತ್ತದೆ ಅನ್ನುವುದರ ಮೇಲೆ ಎಲ್ಲವೂ. ಅವರು ಅಲ್ಲೇ ನಿಂತು ತಿದ್ದುಪಡಿ ವರದಿ ಬರೆದುಕೊಂಡರು. ಲೈಫ್ ಜಾಕೆಟ್ ಎಣಿಸಿದರು. ಮಲಯಾಳಂನವರು, ಆದರೆ ಅಪ್ಪನ ಹತ್ತಿರ ಅರ್ಧ ಕನ್ನಡದಲ್ಲಿ, ಅರ್ಧ ಕೈಸನ್ನೆಯಲ್ಲಿ ಮಾತಾಡಿದರು. ಆ ಒಂದು ಗಂಟೆಯಲ್ಲಿ ಆದಷ್ಟು ಕೆಲಸ ಹಿಂದಿನ ಐದು ತಿಂಗಳಲ್ಲಿ ಆಗಿರಲಿಲ್ಲ.

ಅವರೇ ಬಲೆಯ ಕಣ್ಣು ನೋಡಿದರು. ಆಮೇಲೆ ಒಂದು ಪಟ್ಟಿ ಕೊಟ್ಟರು. ಯಾವ ಮೀನು ಎಷ್ಟು ಉದ್ದಕ್ಕಿಂತ ಚಿಕ್ಕದಿದ್ದರೆ ಹಿಡಿಯಬಾರದು ಅಂತ. ಕೇರಳದಲ್ಲಿ 2015ರಲ್ಲಿ 14 ಜಾತಿಗೆ ಈ ನಿಯಮ ಬಂತು. 2017ರಲ್ಲಿ ಅದು 58 ಜಾತಿಗೆ ಏರಿತು. ಪಟ್ಟಿ ಪೂರ್ತಿ ಮಲಯಾಳಂನಲ್ಲಿ. ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದರು: "ಮಗಾ, ಇದರಲ್ಲಿ ಬೂತಾಯಿ ಯಾವುದು?"

ಆ ಪ್ರಶ್ನೆ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ಐವತ್ತು ವರ್ಷದಿಂದ ಬೂತಾಯಿ ಹಿಡಿದವರು, ಬೂತಾಯಿಯ ನಿಯಮದ ಮೇಲೆ ಬೆರಳಿಡಲು ಆಗದೆ ನಿಂತಿದ್ದರು.

ಆ ಭಾನುವಾರ ಭಜನಾ ಮಂದಿರದ ಜಗಲಿಯಲ್ಲಿ ಕೂತೆವು. ಅಪ್ಪ, ಪಕ್ಕದ ಮನೆ ಮಾವ, ಗುರಿಕಾರರು, ಇನ್ನೂ ನಾಲ್ಕೈದು ಜನ. ನಾನು ಮಲಯಾಳಂ ಹೆಸರು ಓದುವುದು, ಅವರು ನಮ್ಮ ಹೆಸರು ಹೇಳುವುದು. ಮತ್ತಿ ಅಂದರೆ ಬೂತಾಯಿ, 10 ಸೆಂಟಿಮೀಟರ್. ಅಯಲ ಅಂದರೆ ಬಂಗುಡೆ, 14. ಕಿಳಿಮೀನ್ ನಮ್ಮ ಮದಿಮಾಲ್. ಕೂಂದಳ್ ಅಂದರೆ ಬೊಂಡಾಸ್. ಕೆಲವಕ್ಕೆ ಜಗಳವೇ ಆಯಿತು. ಒಂದೇ ಹೆಸರಿಗೆ ಎರಡು ಮೀನು, ಒಂದೇ ಮೀನಿಗೆ ಮೂರು ಹೆಸರು. ಫೋನಿನಲ್ಲಿ ಫೋಟೋ ತೆಗೆದು ತೋರಿಸಿದ ಮೇಲೆ ಒಪ್ಪಿದರು. ಸಂಜೆಯ ಹೊತ್ತಿಗೆ 31 ಮೀನು ಸಿಕ್ಕಿದವು. ಉಳಿದವು ನಮ್ಮ ಬಲೆಗೆ ಬರುವಂಥವಲ್ಲ, ಅಥವಾ ನಮಗೆ ಗುರುತು ಹತ್ತಲಿಲ್ಲ.

ನಾನು ಹಳೆ ಅಳತೆ ಟೇಪನ್ನು ಕತ್ತರಿಸಿ ಅಪ್ಪನಿಗೆ ಕೊಟ್ಟೆ. ಎರಡು ದಿನಕ್ಕೆ ಉಪ್ಪುನೀರಿಗೆ ಮುದುರಿ, ಅಂಕೆ ಅಳಿಸಿ ಹೋಯಿತು. ಆಗ ಅಪ್ಪ ದೋಣಿಯ ಅಡ್ಡಹಲಗೆಯಲ್ಲಿ ಕತ್ತಿಯಿಂದ ಎರಡು ಗೀರು ಹಾಕಿದರು. ಹಲಗೆಯ ತುದಿಯಿಂದ ಮೊದಲ ಗೀರಿಗೆ 10, ಎರಡನೆಯದಕ್ಕೆ 14. ಮೊದಲನೆಯದು ಒಂಟಿ ಗೀರು, ಎರಡನೆಯದು ಜೋಡಿ ಗೀರು. ಯಾಕೆ ಅಂತ ಕೇಳಿದೆ. "ಬೆಳಗಿನ ಜಾವ ನಾಲ್ಕು ಗಂಟೆಗೆ ಕಣ್ಣಿಗೆ ಎಲ್ಲಿ ಕಾಣ್ತದೆ? ಹೆಬ್ಬೆರಳಿಗೆ ಗೊತ್ತಾಗಬೇಕು" ಅಂದರು. ಮೀನಿನ ಮೂತಿಯನ್ನು ಹಲಗೆಯ ತುದಿಗೆ ತಾಗಿಸಿ ಇಡುವುದು, ಬಾಲ ಎಲ್ಲಿ ಮುಗಿಯುತ್ತದೆ ಅಂತ ಉಗುರಿನಲ್ಲಿ ಸವರಿ ನೋಡುವುದು.

ನಿಜ ಹೇಳಬೇಕಂದರೆ ಅಪ್ಪನ ಬಲೆಗೆ ಆ ಗೀರು ಹೆಚ್ಚು ಬೇಕಾಗಲಿಲ್ಲ. ಬಂಗುಡೆ ಬಲೆಯಲ್ಲಿ ಮೀನು ಕಣ್ಣಿನೊಳಗೆ ತಲೆ ತೂರಿಸುತ್ತದೆ, ಕಿವಿರು ಸಿಕ್ಕಿಕೊಳ್ಳುತ್ತದೆ. ಚಿಕ್ಕದಾದರೆ ಆರಾಮಾಗಿ ಆಚೆ ಹೋಗುತ್ತದೆ. ಸರ್ಕಾರ ಪಟ್ಟಿ ಮಾಡುವ ಎಷ್ಟೋ ಮೊದಲೇ ನಮ್ಮ ಹಿರಿಯರು ಬಲೆಯ ಕಣ್ಣಿನಲ್ಲೇ ಆ ನಿಯಮವನ್ನು ಹೆಣೆದಿದ್ದರು. ಕಷ್ಟ ಇರುವುದು ಅಣ್ಣನ ರಿಂಗ್‌ಸೀನಿನಲ್ಲಿ. ಅಲ್ಲಿ ಹಿಂಡನ್ನು ಸುತ್ತುವರಿದು ಕೆಳಗಿನ ಹಗ್ಗ ಎಳೆದು ಚೀಲದಂತೆ ಬಿಗಿಯುತ್ತಾರೆ. ಕಣ್ಣು ಚಿಕ್ಕದು. ದೊಡ್ಡದು, ಮರಿ ಎಲ್ಲ ಒಟ್ಟಿಗೆ.

2024ರ ಮಳೆಗಾಲ ಮುಗಿದ ಮೇಲೆ ನಮ್ಮ ಕಡೆ ಚಿಕ್ಕ ಬೂತಾಯಿ ರಾಶಿ ರಾಶಿ ಬಂತು. ಹತ್ತು ಸೆಂಟಿಮೀಟರಿನ ಅಂಚಿನಲ್ಲೇ ಇರುವಂಥದ್ದು. ಒಂದು ದಿನ ಅಣ್ಣನ ತಂಡ ಬಲೆ ಬಿಗಿದ ಮೇಲೆ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಚಿಕ್ಕವು. ಬಲೆ ಸಡಿಲಿಸಿ ಬಿಟ್ಟರು. ಬಿಟ್ಟವುಗಳಲ್ಲಿ ಎಷ್ಟೋ ಹೊಟ್ಟೆ ಮೇಲಾಗಿ ತೇಲಿದವು. ಅಣ್ಣ ಆ ದಿನ ಮನೆಗೆ ಬಂದು ಮಾತೇ ಆಡಲಿಲ್ಲ. ರಾತ್ರಿ ಹೇಳಿದ, "ಅಷ್ಟು ಜನರ ಒಂದು ದಿನದ ಕೂಲಿ ಹೋಯಿತು, ಮೀನೂ ಉಳಿಯಲಿಲ್ಲ." ಆ ಮೇಲೆ ಅವರ ತಂಡ ಒಂದು ಪದ್ಧತಿ ಮಾಡಿಕೊಂಡಿದೆ. ಹಿಂಡು ಕಂಡ ಕೂಡಲೇ ಸುತ್ತುವುದಿಲ್ಲ. ಮೊದಲು ಚಿಕ್ಕ ಬಲೆ ಬೀಸಿ ನಾಲ್ಕು ಮೀನು ತೆಗೆದು ಅಳೆಯುತ್ತಾರೆ. ಆಮೇಲೆ ದೊಡ್ಡ ಬಲೆ. ಮರಿ ಉಳಿಸುವ ನಿಯಮ ದಡದಲ್ಲಿ ಪಾಲಿಸಿದರೆ ಸುಮ್ನೆ ಕಾಗದಕ್ಕೆ. ನೀರಿನಲ್ಲಿ ಪಾಲಿಸಬೇಕು.

ಇದು ಯಾಕೆ ಬೇಕು ಅಂತ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. 2012ರಲ್ಲಿ ಕೇರಳದಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಬರೀ 3,297 ಟನ್. ಇದು ಕೊಚ್ಚಿಯ ಕೇಂದ್ರ ಕಡಲ ಮೀನು ಸಂಶೋಧನಾ ಸಂಸ್ಥೆಯ ಲೆಕ್ಕ. ಕಡಲು ಬಿಸಿಯಾದದ್ದೂ ಕಾರಣ, ಮರಿ ಹಿಡಿದದ್ದೂ ಕಾರಣ. ಆ ವರ್ಷ ಮಾರ್ಕೆಟಿನಲ್ಲಿ ಬೂತಾಯಿಯ ರೇಟ್ ಕೇಳಿ ಜನ ಬುಟ್ಟಿ ಮುಟ್ಟದೆ ಹೋಗುತ್ತಿದ್ದರು. ಬಡವರ ಮೀನು ಅಂತ ಕರೆಯುತ್ತಿದ್ದದ್ದನ್ನು ನಮ್ಮ ಮನೆಯಲ್ಲೇ ವಾರಕ್ಕೊಮ್ಮೆ ತಿನ್ನುವ ಹಾಗಾಗಿತ್ತು. ಆದ್ದರಿಂದ ಹತ್ತು ಸೆಂಟಿಮೀಟರ್ ನಿಯಮಕ್ಕೆ ಅಪ್ಪನ ಪೂರ್ತಿ ಒಪ್ಪಿಗೆ ಇದೆ.

ಅವರಿಗೆ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ಜೋರು ಬೆಳಕು ಹಾಕಿ ಮೀನು ಸೆಳೆಯುವುದನ್ನೂ, ಎರಡು ಬೋಟ್ ಸೇರಿ ಒಂದೇ ಬಲೆ ಎಳೆಯುವುದನ್ನೂ ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲೇ ನಿಷೇಧಿಸಿದೆ. ಆದರೂ ಕೆಲವು ರಾತ್ರಿ ನಮ್ಮ ಕಡಪ್ಪುರದಿಂದ ನೋಡಿದರೆ ದೂರದಲ್ಲಿ ಪೇಟೆಯ ಹಾಗೆ ಬೆಳಕು ಕಾಣುತ್ತದೆ. "ನನ್ನ ದೋಣಿಯ ಉದ್ದ ಅಳೆಯಲು ಬರ್ತಾರೆ, ಅಲ್ಲಿ ಅಳೆಯಲು ಯಾರು ಹೋಗ್ತಾರೆ?" ಅಂತ ಅಪ್ಪ ಕೇಳುತ್ತಾರೆ. ಚಿಕ್ಕ ದೋಣಿ ಮರಳಿನ ಮೇಲೆ ಕಣ್ಣೆದುರೇ ಇರುತ್ತದೆ. ಹಿಡಿಯುವುದು ಸುಲಭ. ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಇದನ್ನು ಕೇಳಬೇಕಾದವರು ಕೇಳಿಸಿಕೊಳ್ಳಲಿ ಅಂತಲೇ ಬರೆಯುತ್ತಿದ್ದೇನೆ.

ಬೂತಾಯಿ ಯಾವುದು ಎಂಬ ಅಪ್ಪನ ಆ ಪ್ರಶ್ನೆ ನನ್ನನ್ನು ಇನ್ನೊಂದು ಕೆಲಸಕ್ಕೂ ಹಚ್ಚಿತು. ಮೀನಿನ ಪಟ್ಟಿ ಮತ್ತು ಲೈಸೆನ್ಸಿನ ಷರತ್ತುಗಳನ್ನು ಕನ್ನಡದಲ್ಲಿ ಕೊಡಿ ಅಂತ ಕೇಳುವುದು. ಕನ್ನಡದಲ್ಲಿ ಅರ್ಜಿ ಬರೆದು ಒಂದು ಕಚೇರಿಗೆ ತೆಗೆದುಕೊಂಡು ಹೋದೆ. ಕೌಂಟರಿನಲ್ಲಿದ್ದವರು ಅದನ್ನು ನೋಡಿ "ಮಲಯಾಳಂನಲ್ಲಿ ಬರೆದು ತನ್ನಿ" ಅಂತ ತಳ್ಳಿದರು. ಜೋರು ಮಾಡಲಿಲ್ಲ, ಬೈಯಲಿಲ್ಲ. ಸುಮ್ನೆ ತಳ್ಳಿದರು. ಹಿಂದೆ ಕ್ಯೂ ಇತ್ತು. ನಾನು ಹೊರಗೆ ಬಂದೆ.

ಬಸ್ಸಿನಲ್ಲಿ ನನಗೆ ಕನ್ನಡ ಕಲಿಸಿದ ಟೀಚರ್ ಸಿಕ್ಕಿದರು, ಈಗ ರಿಟೈರ್ ಆಗಿದ್ದಾರೆ. ವಿಷಯ ಹೇಳಿದೆ. "ನೀನ್ಯಾಕೆ ವಾಪಸ್ ಬಂದೆ? 1969ರ ಕಾಯ್ದೆ ಉಂಟಲ್ಲ" ಅಂದರು. ಕೇರಳದ ಅಧಿಕೃತ ಭಾಷೆಗಳ ಕಾಯ್ದೆ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು, ತಮಿಳರು ಅಲ್ಲಿನ ಸರ್ಕಾರಿ ಕಚೇರಿಗಳಿಗೆ ತಮ್ಮ ಭಾಷೆಯಲ್ಲೇ ಬರೆಯಬಹುದು. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ನಾನು ಇಲ್ಲೇ ಹುಟ್ಟಿ ಇಲ್ಲೇ ಬೆಳೆದವಳು. ಈ ಹಕ್ಕು ಕಾಗದದ ಮೇಲೆ ಇದೆ ಅಂತ ಅವತ್ತೇ ಗೊತ್ತಾದದ್ದು.

ಮತ್ತೆ ಬರೆದೆ. ಮೇಲ್ಗಡೆ ಕಾಯ್ದೆಯ ಹೆಸರು, ವರ್ಷ ಹಾಕಿದೆ. ಈ ಸಲ ಕೌಂಟರಿಗೆ ಹೋಗಲಿಲ್ಲ. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ ರಶೀದಿಯನ್ನು ಅಂಗಡಿಯ ದೇವರ ಪಟದ ಹಿಂದೆ ಸಿಕ್ಕಿಸಿಟ್ಟೆ.

ಮೇ ಕೊನೆಗೆ ದೋಣಿಯ ಸರ್ಟಿಫಿಕೇಟ್ ಬಂತು, ಬೆನ್ನಿಗೇ ಲೈಸೆನ್ಸ್. ಹೊಸ ನಂಬರನ್ನು ದೋಣಿಯ ಎರಡೂ ಬದಿಗೆ ಬರೆಸಬೇಕು. ಬೋರ್ಡ್ ಬರೆಯುವವರನ್ನು ಕರೆಸಿದೆವು. ಅವರು ಹಳೆಯ ಕೆಎಯನ್ನು ಉಪ್ಪುಕಾಗದದಲ್ಲಿ ತಿಕ್ಕಿದರು. ನೀಲಿ ಪುಡಿ ಮರಳಿಗೆ ಉದುರಿತು. ಆಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಐಎನ್‌ಡಿ ಬರೆದರು, ಕೆಎಲ್ ಬರೆದರು, ಅಂಕೆಗಳನ್ನು ಬರೆದರು. ಅಂಕೆಗಳ ನಡುವೆ ಎಂಓ. ಮೋಟಾರ್ ಇರುವ ದೋಣಿ ಅಂತ. ಅಪ್ಪ ಪಕ್ಕದಲ್ಲೇ ನಿಂತು, ಸರ್ಟಿಫಿಕೇಟ್ ಕೈಯಲ್ಲಿ ಹಿಡಿದು ಒಂದೊಂದೇ ಅಕ್ಷರ ತಾಳೆ ನೋಡಿದರು. ಓದಲು ಬರದ ಅಕ್ಷರವನ್ನು ಆಕಾರ ನೋಡಿ ತಾಳೆ ಮಾಡಿದರು.

ಆ ಹೊತ್ತಿಗೆ ಮಳೆಗಾಲ. ಇಲ್ಲಿ ಇನ್ನೊಂದು ಗಡಿಯ ಲೆಕ್ಕ ಇದೆ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ 52 ದಿನ, ಅದೂ ಬೋಟಿನ ಹಿಂದೆ ಬಲೆ ಎಳೆಯುವ ಟ್ರಾಲಿಂಗ್‌ಗೆ. ಎರಡೂ ಕಡೆ ನಾಡದೋಣಿಗೆ ಅನುಮತಿ ಇದೆ. ಆದರೆ ಷರತ್ತುಗಳು ಬೇರೆ ಬೇರೆ. ಕರ್ನಾಟಕದಲ್ಲಿ 10 ಎಚ್‌ಪಿಯೊಳಗಿನ ಇಂಜಿನ್ ಅಂತ ಇದೆ. ನಮ್ಮದು 9.9. ಎರಡು ಕಡೆಯ ಬಂಧುಗಳು ಒಂದೇ ಮದುವೆ ಮನೆಯಲ್ಲಿ ಕೂತು ಇದನ್ನು ಮಾತಾಡುವಾಗ ಯಾರ ನಿಯಮ ಯಾರದು ಅಂತ ಕಲಸಿಹೋಗುತ್ತದೆ. 2025ರಲ್ಲಿ ಇನ್ನೊಂದು ಸೇರಿತು. ಟ್ರಾಲಿಂಗ್ ನಿಷೇಧ ಶುರುವಾಗುವ ದಿನವೇ, ಜೂನ್ 9ರಂದು, ಕಣ್ಣೂರಿನ ಆಚೆ ಕಡಲಲ್ಲಿ ವಾನ್ ಹೈ 503 ಎಂಬ ಕಂಟೇನರ್ ಹಡಗಿಗೆ ಬೆಂಕಿ ಬಿತ್ತು. ತೇಲಿ ಬರುವ ಯಾವ ವಸ್ತುವನ್ನೂ ಮುಟ್ಟಬೇಡಿ ಅಂತ ಎಚ್ಚರಿಕೆ. ಅಪ್ಪ ಹೊಸ ನಂಬರಿನ ದೋಣಿಯನ್ನು ಮೊದಲ ಸಲ ನೀರಿಗೆ ಇಳಿಸಿದ್ದು ಅದೆಲ್ಲ ತಣ್ಣಗಾದ ಮೇಲೆ, ಒಂದು ಬಿಸಿಲಿನ ಬೆಳಿಗ್ಗೆ.

ನವೆಂಬರಿನಲ್ಲಿ ಮತ್ತೆ ಗಲಾಟೆ. ಕೇಂದ್ರ ಸರ್ಕಾರ ಹೊಸ ನಿಯಮ ತಂದಿದೆ, ಇನ್ನು ಎಲ್ಲರಿಗೂ ಪಾಸ್ ಬೇಕಂತೆ, ಇಲ್ಲದಿದ್ದರೆ ದೋಣಿ ಹಿಡಿಯುತ್ತಾರಂತೆ ಅಂತ. ಮೂರು ಜನ ನನ್ನ ಅಂಗಡಿಗೇ ಓಡಿ ಬಂದರು. ಕೂತು ಓದಿದೆ. ಅದು 12 ಮೈಲಿ ದಾಟಿ 200 ಮೈಲಿವರೆಗಿನ ಕಡಲಿಗೆ ಸಂಬಂಧಿಸಿದ್ದು. ಅಲ್ಲಿ ಮೀನು ಹಿಡಿಯುವ ದೊಡ್ಡ ಬೋಟುಗಳಿಗೆ ಆಕ್ಸೆಸ್ ಪಾಸ್. ಅದೂ ಫ್ರೀ, ಅದೇ ರಿಯಲ್‌ಕ್ರಾಫ್ಟಿನಲ್ಲಿ. ನಮ್ಮಂಥ ಸಾಂಪ್ರದಾಯಿಕ ಚಿಕ್ಕ ದೋಣಿಗಳಿಗೆ ಆ ಪಾಸ್ ಬೇಡ. ಇಷ್ಟು ಹೇಳಲು ಐದು ನಿಮಿಷ ಸಾಕಾಯಿತು. ಆದರೆ ಅವರು ಎರಡು ರಾತ್ರಿ ನಿದ್ದೆ ಬಿಟ್ಟಿದ್ದರು. ಪ್ರತಿ ಹೊಸ ನಿಯಮವೂ ನಮಗೆ ಮೊದಲು ಬಾಯಿಮಾತಾಗಿ, ಹೆದರಿಕೆಯಾಗಿ ತಲುಪುತ್ತದೆ. ಓದುವ ಕಾಗದ ಬರುವುದು ಕೊನೆಗೆ, ಬಂದರೆ.

ಅದೇ ತಿಂಗಳು ಕಾಗದ ಬಂತು. ಕಂದು ಕವರ್, ಅಪ್ಪನ ಹೆಸರಿಗೆ. ಆ ಕನ್ನಡದ ಅರ್ಜಿಗೆ ಅಪ್ಪನ ಕೈಯಿಂದಲೇ ಸಹಿ ಹಾಕಿಸಿ ಕಳಿಸಿದ್ದೆನಲ್ಲ. ನಾನು ಅಂಗಡಿಯಿಂದ ಬರುವಷ್ಟರಲ್ಲಿ ಅವರು ಒಡೆದಿದ್ದರು. ಒಂದು ಪುಟದ ಪತ್ರ, ಎರಡು ಪುಟದ ಪಟ್ಟಿ. ಕನ್ನಡದಲ್ಲಿ. ಅಲ್ಲಲ್ಲಿ ಅಕ್ಷರ ತಪ್ಪು, ಕೆಲವು ವಾಕ್ಯ ಮಲಯಾಳಂನ ನಡಿಗೆಯಲ್ಲೇ ಇದ್ದವು. ಆದರೆ ಕನ್ನಡ.

ಅಪ್ಪ ಕನ್ನಡಕ ಹಾಕಿಕೊಂಡು ಭಜನಾ ಮಂದಿರದ ಜಗಲಿಗೆ ಹೋದರು. ನಾನು ಓದಿ ಹೇಳುತ್ತೇನೆ ಅಂದೆ. "ಬೇಡ" ಅಂದರು. ದೀಪದ ಹತ್ತಿರ ಕೂತು ತಾವೇ ಗಟ್ಟಿಯಾಗಿ ಓದಿದರು. ಸುತ್ತ ಏಳೆಂಟು ಜನ. ಪತ್ರ ಸಂಖ್ಯೆಯಿಂದ ಹಿಡಿದು ಕೆಳಗಿನ ಸಹಿವರೆಗೆ ಒಂದೂ ಬಿಡಲಿಲ್ಲ. ಪಟ್ಟಿಗೆ ಬಂದರು. ಮೊದಲ ಸಾಲಿನಲ್ಲಿ ಬೈಗೆ, 10 ಸೆಂ.ಮೀ. ಅಂತ ಇತ್ತು. ಅಪ್ಪ ನಿಲ್ಲಿಸಿದರು.

"ಬೈಗೆ ಅಂದರೆ ಕುಂದಾಪುರದ ಕಡೆಯವರು ಹೇಳುದು" ಅಂದರು. "ನಮ್ಮಲ್ಲಿ ಹಾಗೆ ಹೇಳುದಿಲ್ಲ."

ನನ್ನ ಹತ್ತಿರ ಪೆನ್ಸಿಲ್ ಕೇಳಿದರು. ಬಟ್ಟೆಗೆ ಗುರುತು ಹಾಕುವ ಪೆನ್ಸಿಲ್ ಬ್ಯಾಗಿನಲ್ಲಿತ್ತು, ಕೊಟ್ಟೆ. ಬೈಗೆಯ ಮೇಲೆ, ದಪ್ಪ ಅಕ್ಷರದಲ್ಲಿ, ನಿಧಾನವಾಗಿ ಬೂತಾಯಿ ಅಂತ ಬರೆದರು. ಆಮೇಲೆ ಎರಡನೇ ಸಾಲಿಗೆ ಹೋದರು.